ಟ್ಯೂನಾ ಸ್ಯಾಂಡ್‌ವಿಚ್‌ದಾಗ ನಾರ್ಮಲ್ ಲಾಸ್ ಎಷ್ಟು?

1/8

ಟ್ಯೂನಾ ಸಲಾಡ್ ಸ್ಯಾಂಡ್‌ವಿಚ್ ಬಗ್ಗೆ ಎಂಟು ಕ್ಯಾಪ್ಷನ್ ಬರೀತೀನಿ ಅಂದ್ರ ನಮ್ಮ ಕ್ಲಾಸಿನವರು ನಗ್ತಾರ. ನಗ್ಲಿ. ಕಲಬುರಗಿಗೂ ಸಮುದ್ರಕ್ಕೂ ಎಷ್ಟು ದೂರ ಅಂತ ನನಗೂ ಗೊತ್ತದ. ಆದ್ರ ಈಗ ಆ ಡಬ್ಬಿ ನಮ್ಮ ಊರಿನ ದೊಡ್ಡ ಅಂಗಡಿಗಳೊಳಗೂ ಸಿಗ್ತದ, ಆನ್‌ಲೈನ್‌ದಾಗಂತೂ ಸಿಕ್ಕೇ ಸಿಗ್ತದ. ಜಿಮ್‌ಗೆ ಹೋಗೋರು ಪ್ರೋಟೀನ್ ಅಂತ ತರ್ತಾರ, ರೂಮ್ ಮಾಡ್ಕೊಂಡು ಇರೋರು ಗ್ಯಾಸ್ ಹಚ್ಚೋದು ಬ್ಯಾಡ ಅಂತ ತರ್ತಾರ, ಉಳಿದವರು ರೀಲ್ಸ್ ನೋಡಿ ತರ್ತಾರ.

ರೀಲ್ಸ್‌ದಾಗ ಕೆಲಸ ಮೂವತ್ತು ಸೆಕೆಂಡಿಗೆ ಮುಗೀತದ. ಡಬ್ಬಿ ತೆಗಿ, ಮೇಯೊನೀಸ್ ಸುರಿ, ಕಲಸು, ಬ್ರೆಡ್ ನಡುವ ಇಡು, ಕಚ್ಚು. ಅದನ್ನೇ ಮನ್ಯಾಗ ಮಾಡಿದ್ರ ಏನಾಗ್ತದ? ಹತ್ತು ನಿಮಿಷದೊಳಗ ಬ್ರೆಡ್ ನೆನೆದು ಮೆತ್ತಗಾಗಿ ಕೈಯಾಗ ಕುಸೀತದ, ಒಳಗಿನ ಪಲ್ಯ ತಾಟಿನ್ಯಾಗ ಬೀಳ್ತದ, ಉಪ್ಪು ಒಂದು ಕಡಿ, ಸಪ್ಪ ಒಂದು ಕಡಿ. ಆಮ್ಯಾಲ "ಇದು ನಮ್ಮಂಥವರ ಊಟ ಅಲ್ಲ ಬಿಡ್ರಿ" ಅಂತ ತೀರ್ಮಾನ.

ಆ ತೀರ್ಮಾನಕ್ಕ ನನ್ನ ತಕರಾರು ಅದ. ಕೆಟ್ಟ ಟ್ಯೂನಾ ಸ್ಯಾಂಡ್‌ವಿಚ್ ಹತ್ತಕ್ಕ ಒಂಬತ್ತು ಸಲ ನೀರಿನಿಂದ ಕೆಡ್ತದ. ಡಬ್ಬಿಯ ನೀರು, ಉಳ್ಳಾಗಡ್ಡಿ ನೀರು, ಸವತಿಕಾಯಿ ನೀರು, ಬಿಸಿ ಬ್ರೆಡ್ಡಿನ ಹಬೆ. ಈ ನೀರಿನ ಲೆಕ್ಕ ಸರಿ ಹಿಡಿದ್ರ ಕೆಫೆಕ್ಕಿಂತ ಚಲೋ ಸ್ಯಾಂಡ್‌ವಿಚ್ ಮನ್ಯಾಗೇ ಆಗ್ತದ. ಮತ್ತ ಈ ಲೆಕ್ಕ ನಮ್ಮ ಕಡಿಯವರಿಗೆ ಹೊಸದೇನಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೆಳೆದವರಿಗೆ ಅದು ಮೊದಲೇ ಗೊತ್ತಿರೋ ವಿದ್ಯೆ. ಅದನ್ನೇ ಮುಂದ ಒಂದೊಂದಾಗಿ ಹೇಳ್ತೀನಿ.

2/8

ಮೊದಲು ರೊಕ್ಕದ ಮಾತು. ಬಿಕಾಂನವರಿಗೆ ಇದು ಸಲೀಸು.

ಡಬ್ಬಿ ಕೈಯಾಗ ತಗೊಂಡು ಹಿಂದ ತಿರುಗಿಸಿ ನೋಡ್ರಿ. ನೆಟ್ ವೇಟ್ ಅಂತ ಒಂದು ಸಂಖ್ಯೆ, ಡ್ರೈನ್ಡ್ ವೇಟ್ ಅಂತ ಇನ್ನೊಂದು ಸಂಖ್ಯೆ ಇರ್ತದ. ಮೊದಲನೇದು ಮೀನು ಮತ್ತ ನೀರು ಅಥವಾ ಎಣ್ಣಿ ಕೂಡಿ ಆದ ತೂಕ. ಎರಡನೇದು ನೀರು ಬಸಿದ ಮ್ಯಾಲ ಉಳಿಯೋ ಮೀನಿನ ತೂಕ. ಉದಾಹರಣೆಗೆ ಡಬ್ಬಿ 185 ಗ್ರಾಂ, ಮೀನು 130 ಗ್ರಾಂ, ಬೆಲೆ 200 ರೂಪಾಯಿ ಅಂತ ಇಟ್ಕೊಳ್ರಿ. ಬೆಲೆ ಲೆಕ್ಕಕ್ಕ ಹಿಡಿದದ್ದು, ನಿಮ್ಮ ಅಂಗಡ್ಯಾಗ ಏನದ ಅದನ್ನ ಹಾಕ್ಕೊಳ್ರಿ.

200 ಭಾಗಿಸು 185 ಅಂದ್ರ ಗ್ರಾಂಗೆ 1.08 ರೂಪಾಯಿ. ಆದ್ರ ಪ್ರೊಸೆಸ್ ಕಾಸ್ಟಿಂಗ್ ಕ್ಲಾಸಿನ್ಯಾಗ ಏನ್ ಕಲಿಸ್ಯಾರ? ನಾರ್ಮಲ್ ಲಾಸಿನ ಖರ್ಚನ್ನ ಉಳಿದ ಒಳ್ಳೆ ಮಾಲೇ ಹೊರಬೇಕು. ಇಲ್ಲಿ 55 ಗ್ರಾಂ ನೀರು ನಾರ್ಮಲ್ ಲಾಸ್. ಹಂಗಾದ್ರ 200 ಭಾಗಿಸು 130, ಗ್ರಾಂಗೆ 1.54 ರೂಪಾಯಿ. ನೂರು ಗ್ರಾಂ ಮೀನಿಗೆ 108 ಅಲ್ಲ, 154. ಎರಡು ಬ್ರ್ಯಾಂಡ್ ಹೋಲಿಸುವಾಗ ಈ ಎರಡನೇ ಲೆಕ್ಕ ಹಾಕ್ರಿ. ದೊಡ್ಡ ಡಬ್ಬಿ, ಕಡಿಮಿ ರೇಟು ಅಂತ ಕಾಣೋದು ಎಷ್ಟೋ ಸಲ ನೀರಿನ ರೇಟೇ ಆಗಿರ್ತದ.

ಎಣ್ಣಿ ಡಬ್ಬಿಗೆ ಒಂದು ಲಾಭ ಅದ. ಬಸಿದ ಎಣ್ಣಿಗೆ ಸ್ಕ್ರ್ಯಾಪ್ ವ್ಯಾಲ್ಯೂ ಅದ. ಒಂದು ಚಮಚ ಸಲಾಡಿಗೆ ವಾಪಸ್ ಹಾಕಬಹುದು, ಮೀನಿನ ರುಚಿ ಅದರೊಳಗೇ ಇಳಿದಿರ್ತದ. ಉಪ್ಪುನೀರಿನ ಡಬ್ಬಿಯ ನೀರಿಗೆ ಆ ಬೆಲೆ ಇಲ್ಲ, ಸಿಂಕಿಗೆ ಹೋಗ್ತದ. ಅದಕ್ಕ ಎಣ್ಣಿ ಡಬ್ಬಿ ಸ್ವಲ್ಪ ತುಟ್ಟಿ ಇದ್ರೂ ಕೂಡ್ಲೆ ಬ್ಯಾಡ ಅನಬ್ಯಾಡ್ರಿ.

3/8

ಈಗ ಕೈಕೆಲಸ. ಫೋಟೋದಾಗ ಕಾಣೋ ಆ ಸಣ್ಣ ಚಹಾ ಸೋಸಣಿಗಿನೇ ಇವತ್ತಿನ ಹೀರೋ.

ಡಬ್ಬಿ ಮುಚ್ಚಳ ಪೂರ್ತಿ ಕತ್ತರಿಸಿ, ಅದೇ ಮುಚ್ಚಳದಿಂದ ಮೀನು ಒತ್ತಿ ಡಬ್ಬಿ ಬಗ್ಗಿಸಿ ನೀರು ಬಸೀರಿ. ಅಂಚು ಬ್ಲೇಡಿನಂಗ ಇರ್ತದ, ಬೆರಳು ಹುಷಾರು. ಇಷ್ಟಕ್ಕೇ ಎಲ್ಲಾರೂ ನಿಲ್ಲಿಸ್ತಾರ. ನಿಲ್ಲಿಸಬ್ಯಾಡ್ರಿ. ಮೀನು ಸೋಸಣಿಗಿಗೆ ಹಾಕಿ ಚಮಚದ ಬೆನ್ನಿಂದ ಮತ್ತ ಒತ್ರಿ. ಇನ್ನೂ ಎರಡು ಮೂರು ಚಮಚ ನೀರು ಬರ್ತದ. ಆ ನೀರೇ ನಿಮ್ಮ ಬ್ರೆಡ್ಡಿನ ವೈರಿ.

ಒತ್ತಿದ ಮೀನನ್ನ ಫೋರ್ಕಿಂದ ಬಿಡಿಸ್ರಿ. ಚಟ್ನಿ ಮಾಡಬ್ಯಾಡ್ರಿ, ಎಳಿ ಎಳಿ ಉಳೀಬೇಕು.

ಉಳ್ಳಾಗಡ್ಡಿ ಸಣ್ಣಾಗಿ ಹೆಚ್ಚಿ, ಚಿಟಿಕಿ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡ್ರಿ. ಉಪ್ಪು ಒಳಗಿನ ನೀರನ್ನ ಹೊರಗ ಎಳೀತದ, ಹೈಸ್ಕೂಲ್ ಸೈನ್ಸಿನ ಆಸ್ಮೋಸಿಸ್ ಇದೇ. ಆಮ್ಯಾಲ ಮುಷ್ಟ್ಯಾಗ ಹಿಂಡ್ರಿ. ನೀರಿನ ಜೋಡಿ ಕಣ್ಣು ಉರಿಸೋ ಖಾರಾನೂ ಅರ್ಧ ಹೋಗ್ತದ, ಕಟುಂ ಅನ್ನೋದು ಮಾತ್ರ ಉಳೀತದ.

ಸವತಿಕಾಯಿ ಉದ್ದಕ್ಕ ಸೀಳಿ, ನಡುವಿನ ಬೀಜದ ತಿರುಳು ಚಮಚದಿಂದ ಕೆರೆದು ತೆಗೀರಿ. ಅದನ್ನ ಹಂಗೇ ತಿಂದುಬಿಡ್ರಿ, ದಂಡ ಮಾಡಬ್ಯಾಡ್ರಿ. ಗಟ್ಟಿ ಭಾಗ ಹೆಚ್ಚಿ ಉಪ್ಪು ಹಚ್ಚಿ ಹಿಂಡ್ರಿ. ಟೊಮೆಟೊ ಒಳಗ ಬ್ಯಾಡವೇ ಬ್ಯಾಡ. ಬೇಕಿದ್ರ ಬಾಜೂಕ ಇಟ್ಕೊಂಡು ಕಚ್ರಿ.

ಮೂಲಂಗಿ ಸಿಕ್ರ ಸವತಿಕಾಯಿಗಿಂತ ಚಲೋ. ನಮ್ಮ ಕಡಿ ರೊಟ್ಟಿ ಜೋಡಿ ಹಸಿ ಮೂಲಂಗಿ, ಹಸಿ ಮೆಂತೆ, ಹಸಿ ಉಳ್ಳಾಗಡ್ಡಿ ಇಡೋದು ಸುಮ್ಮನ ಅಲ್ಲ. ಒಣ ಊಟಕ್ಕ ಹಸಿದು ಬಾಜೂಕಿದ್ರ ಬಾಯಿಗೆ ನೀರು ಅದು ಕೊಡ್ತದ. ಸ್ಯಾಂಡ್‌ವಿಚ್ಚಿಗೂ ಅದೇ ನಿಯಮ.

4/8

ಮೇಯೊನೀಸಿನ ವಾದ.

ಸಲಾಡಿಗೆ ಅಂಟು ಬೇಕು, ಇಲ್ಲಂದ್ರ ಮೀನು ಪುಡಿಪುಡಿ ಆಗಿ ಉದುರ್ತದ. ಅಂಟಿಗೆ ಎಲ್ಲಾರೂ ಮೇಯೊನೀಸ್ ಹಾಕ್ತಾರ. ಮೇಯೊನೀಸ್ ಅಂದ್ರ ಮುಖ್ಯವಾಗಿ ಎಣ್ಣಿ, ಅದನ್ನ ಹಿಡಿದಿಡ್ಲಿಕ್ಕ ತತ್ತಿ ಅಥವಾ ಬೇರೆ ಏನಾದ್ರೂ, ಮತ್ತ ಸ್ವಲ್ಪ ಹುಳಿ. ಅದು ಕೆಟ್ಟದ್ದು ಅಂತ ನಾನು ಹೇಳಂಗಿಲ್ಲ. ಆದ್ರ ಮೀನಿನ ನೀರು ತೆಗೀದೇ ಇದ್ದವರು ರುಚಿ ಸಪ್ಪ ಆಯ್ತು ಅಂತ ಮೂರು ಚಮಚ, ನಾಲ್ಕು ಚಮಚ ಸುರೀತಾರ ನೋಡ್ರಿ, ಅದು ತಪ್ಪನ್ನ ಮುಚ್ಚೋ ಕೆಲಸ. ನೀರು ತೆಗೆದ ಮೀನಿಗೆ ಒಂದು ಚಮಚ ಸಾಕು.

ನನ್ನ ಮತ ಗಟ್ಟಿ ಮೊಸರಿಗೆ. ರಾತ್ರಿ ಒಂದು ವಾಟಗಾ ಮೊಸರು ತೆಳು ಅರಿವ್ಯಾಗ ಕಟ್ಟಿ, ಕೆಳಗ ಬಟ್ಟಲು ಇಟ್ಟು ಫ್ರಿಜ್‌ದಾಗ ತೂಗು ಹಾಕ್ರಿ. ಮುಂಜಾನಿಗೆ ನೀರು ಇಳಿದು ಬೆಣ್ಣಿ ಹಂಗ ಆಗ್ತದ. ಇಳಿದ ನೀರು ಸಾರಿಗೋ ಹಿಟ್ಟು ನಾದ್ಲಿಕ್ಕೋ ಬರ್ತದ. ಎರಡು ಚಮಚ ಗಟ್ಟಿ ಮೊಸರು ಅಂಟೂ ಆಯ್ತು, ಹುಳೀನೂ ಆಯ್ತು.

ಇನ್ನು ನನ್ನ ಮುಖ್ಯ ಮಾತು: ಒಂದು ಚಮಚ ಶೇಂಗಾ ಹಿಂಡಿ. ಹೌದು, ಮನ್ಯಾಗ ಡಬ್ಬಿ ತುಂಬ ಇರೋ ಅದೇ ಹಿಂಡಿ. ಹುರಿದ ಶೇಂಗಾ, ಕೆಂಪು ಖಾರ, ಬಳ್ಳೊಳ್ಳಿ, ಜೀರಗಿ, ಉಪ್ಪು ಎಲ್ಲಾ ಒಂದರೊಳಗೇ ಅದ. ಒಣ ಪುಡಿ ಆಗಿದ್ದರಿಂದ ಉಳಿದ ಹಸಿಯನ್ನ ಹೀರ್ಕೊಳ್ತದ, ಶೇಂಗಾದ ಎಣ್ಣಿ ಜಿಡ್ಡು ಕೊಡ್ತದ, ಬಳ್ಳೊಳ್ಳಿ ಮೀನಿನ ವಾಸನಿ ತಡೀತದ. ಮೇಯೊನೀಸ್, ಪೆಪ್ಪರ್, ಗಾರ್ಲಿಕ್ ಪೌಡರ್ ಅಂತ ಮೂರು ಬಾಟಲಿ ಕೊಳ್ಳೋ ಬದಲಿ ಒಂದು ಚಮಚ ಹಿಂಡಿ. ಮೊಸರು ಮತ್ತ ಹಿಂಡಿ ಹೊಂದ್ತಾವೋ ಇಲ್ಲೋ ಅಂತ ಕಲಬುರಗಿಯವರಿಗೆ ನಾನೇನ್ ಹೇಳ್ಲಿ, ರೊಟ್ಟಿ ಮ್ಯಾಲ ದಿನಾ ನೋಡ್ತೀರಿ.

5/8

ಅಳತಿ ಬರ್ಕೊಳ್ರಿ, ಅಥವಾ ಸೇವ್ ಮಾಡ್ರಿ. ಮೂರು ಸ್ಯಾಂಡ್‌ವಿಚ್ಚಿಗೆ:

ನೀರು ಒತ್ತಿದ ಟ್ಯೂನಾ ಒಂದು ಡಬ್ಬಿ, ಸುಮಾರು 130 ಗ್ರಾಂ.
ಗಟ್ಟಿ ಮೊಸರು 2 ಚಮಚ.
ಶೇಂಗಾ ಹಿಂಡಿ 1 ಚಮಚ.
ಉಳ್ಳಾಗಡ್ಡಿ ಸಣ್ಣದು 1, ಹಿಂಡಿದ್ದು.
ಸವತಿಕಾಯಿ ಅರ್ಧ ಅಥವಾ ಮೂಲಂಗಿ ಸಣ್ಣದು 1, ಹಿಂಡಿದ್ದು.
ಹಸಿಮೆಣಸಿನಕಾಯಿ 1, ಕೋತಂಬ್ರಿ ಒಂದು ಹಿಡಿ.
ನಿಂಬಿ ರಸ ಒಂದು ಸಣ್ಣ ಚಮಚ, ಕಡೀಕ.
ಬ್ರೆಡ್ 6 ತುಂಡು.

ಉಪ್ಪು ಪಟ್ಟಿಯೊಳಗ ಇಲ್ಲ, ನೋಡಿದ್ರೇನು? ಡಬ್ಬ್ಯಾಗ ಉಪ್ಪದ, ಹಿಂಡ್ಯಾಗ ಉಪ್ಪದ, ಉಳ್ಳಾಗಡ್ಡಿಗೆ ಹಚ್ಚಿದ್ದೂ ಉಪ್ಪೇ. ಎಲ್ಲಾ ಕಲಸಿ, ರುಚಿ ನೋಡಿ, ಆಮ್ಯಾಲ ಬೇಕಂದ್ರ ಹಾಕ್ರಿ. ಕಲಸಿದ್ದನ್ನ ಇಪ್ಪತ್ತು ನಿಮಿಷ ಫ್ರಿಜ್‌ದಾಗ ಇಡ್ರಿ, ಹಿಂಡಿ ನೆನೆದು ಎಲ್ಲಾ ಒಂದಾಗ್ತದ.

ಬ್ರೆಡ್ ಹಂಚಿನ ಮ್ಯಾಲ ಸಣ್ಣ ಉರಿಗೆ ಎರಡೂ ಮಗ್ಗಲು ಸುಡ್ರಿ. ಸುಟ್ಟದ್ದನ್ನ ತಾಟಿನ್ಯಾಗ ಮಲಗಿಸಿದ್ರ ಕೆಳಗಿನ ಹಬೆಗೆ ಮತ್ತ ಮೆತ್ತಗಾಗ್ತದ. ಎರಡು ತುಂಡು ಒಂದಕ್ಕೊಂದು ಒರಗಿಸಿ ಗುಡಿಸಲ ಹಂಗ ನಿಲ್ಲಿಸ್ರಿ, ಫೋಟೋದಾಗ ಇದ್ದಂಗ. ಎರಡು ನಿಮಿಷಕ್ಕ ತಣ್ಣಗಾಗಿ ಗರಿಗರಿ ಉಳೀತದ. ಒಳ ಮಗ್ಗಲಿಗೆ ತೆಳ್ಳಗ ಬೆಣ್ಣಿ ಸವರ್ರಿ. ಜಿಡ್ಡಿನ ಪದರ ನೀರನ್ನ ಒಳಗ ಬಿಡಂಗಿಲ್ಲ, ಛತ್ತಿಗೆ ವಾಟರ್‌ಪ್ರೂಫಿಂಗ್ ಹಚ್ಚಿದಂಗ.

ತಿನ್ನೋ ಹೊತ್ತಿಗೇ ತುಂಬ್ರಿ. ಮೊದಲೇ ತುಂಬಿ ಇಟ್ರ ಇಲ್ಲಿತನಕ ಮಾಡಿದ್ದೆಲ್ಲಾ ನೀರಿನ್ಯಾಗ ಹೋಮ.

6/8

"ಟ್ಯೂನಾಕ್ಕ ಹಿಂಡಿ ಹಾಕಿದ್ರ ಅದು ಒರಿಜಿನಲ್ ಅಲ್ಲ" ಅನ್ನೋರಿಗೆ ಎರಡು ಮಾತು.

ಒಂದು. ಡಬ್ಬಿ ಟ್ಯೂನಾನೇ ಒರಿಜಿನಲ್ ಅಲ್ಲ. 1903ರ ಸುಮಾರು ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಾಗ ಸಾರ್ಡೀನ್ ಮೀನು ತುಂಬೋ ಕಾರ್ಖಾನೆಗೆ ಸಾರ್ಡೀನ್ ಸಿಗದೇ ಹೋಯ್ತು. ನಮ್ಮ ಕರಾವಳಿಯವರು ಬೂತಾಯಿ ಅಂತಾರಲ್ಲ, ಆ ಬಳಗದ ಮೀನು. ಖಾಲಿ ಡಬ್ಬಿಗೆ ಏನ್ ತುಂಬೋದು ಅಂತ ಆಲ್ಬಕೋರ್ ಅನ್ನೋ ಟ್ಯೂನಾ ಬೇಯಿಸಿ ತುಂಬಿ ನೋಡಿದ್ರು. ಅಮೆರಿಕದ ಡಬ್ಬಿ ಟ್ಯೂನಾ ಉದ್ಯಮ ಶುರು ಆದದ್ದೇ ಹಂಗ, ಒಂದು ಇಲ್ಲ ಅಂತ ಇನ್ನೊಂದು ಹಾಕಿ.

ಎರಡು. ನಮ್ಮ ನೆರೆಯ ಮಾಲ್ಡೀವ್ಸ್‌ದಾಗ ಮುಂಜಾನಿ ನಾಷ್ಟಾ ಮಸ್ ಹುನಿ. ಟ್ಯೂನಾ, ತುರಿದ ಕೊಬ್ರಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ನಿಂಬಿ, ಎಲ್ಲಾ ಕೈಯಿಂದ ಕಿವುಚಿ ರೋಶಿ ಜೋಡಿ ತಿಂತಾರ. ರೋಶಿ ಅಂದ್ರ ರೊಟ್ಟಿ! ಮೇಯೊನೀಸಿನ ಹೆಸರೂ ಇಲ್ಲ. ಟ್ಯೂನಾ ಹಿಡಿದೇ ಬದುಕಿದ ದ್ವೀಪದವರು ಟ್ಯೂನಾ ಸಲಾಡನ್ನ ರೊಟ್ಟಿಗೆ ಹಚ್ಚಿ ತಿನ್ನುವಾಗ, ನಾವು ಹಿಂಡಿ ಹಾಕಿದ್ರ ಯಾರ ಅಪ್ಪಣಿ ಬೇಕು?

ಅದಕ್ಕ ಮೀನು ತಿನ್ನದವರೂ ಈ ಕ್ಯಾಪ್ಷನ್ ದಾಟಿ ಹೋಗಬ್ಯಾಡ್ರಿ. ಕಾಬೂಲಿ ಕಡಲಿ ರಾತ್ರಿ ನೆನೆಸಿ ಬೇಯಿಸಿ, ನೀರು ಬಸಿದು, ಅರಿವಿ ಮ್ಯಾಲ ಆರಿಸಿ, ಫೋರ್ಕಿಂದ ಅರ್ಧಂಬರ್ಧ ಜಜ್ಜಿ ಇದೇ ಅಳತಿಗೆ ಕಲಸ್ರಿ. ಪ್ರೋಟೀನ್ ಲೆಕ್ಕ ಮಾತ್ರ ಪ್ರಾಮಾಣಿಕವಾಗಿ ಹೇಳ್ತೀನಿ: ನೂರು ಗ್ರಾಂ ಟ್ಯೂನಾದಾಗ ಸುಮಾರು 20ರಿಂದ 25 ಗ್ರಾಂ, ಬೆಂದ ಕಡಲಿಯೊಳಗ ಸುಮಾರು 9 ಗ್ರಾಂ, ಒಂದು ತತ್ತಿಯೊಳಗ ಸುಮಾರು 6 ಗ್ರಾಂ. ಮೀನು ತಿನ್ನೋರು ಅರ್ಧ ಟ್ಯೂನಾ, ಅರ್ಧ ಕಡಲಿ ಮಾಡ್ರಿ. ಎರಡನೇ ಕ್ಯಾಪ್ಷನ್ನಿನ ಲೆಕ್ಕಕ್ಕ ಒಂದು ಸ್ಯಾಂಡ್‌ವಿಚ್ಚಿನ ಮೀನಿನ ಖರ್ಚು 67 ರೂಪಾಯಿ ಇತ್ತು, ಅದು ಸುಮಾರು 33ಕ್ಕ ಇಳೀತದ, ಕಡಲಿ ಖರ್ಚು ಅಷ್ಟೇ ಮ್ಯಾಲ.

ಊರಿನ ಮೀನು ಹಾಕಬಹುದಾ ಅಂತ ಕೇಳಬಹುದು. ರೋಹು, ಕಾಟ್ಲಾದಾಗ ಸಣ್ಣ ಕವಲು ಮುಳ್ಳು ಭಾಳ, ಸ್ಯಾಂಡ್‌ವಿಚ್ಚಿಗೆ ಅಪಾಯ. ಮುಳ್ಳಿಲ್ಲ, ಬೆಂದೇ ಇರ್ತದ, ಇದು ಡಬ್ಬಿ ಟ್ಯೂನಾದ ಖರೆ ಗುಣ. ಅದನ್ನ ಒಪ್ಕೋಬೇಕು.

7/8

ಈಗ ಸ್ವಲ್ಪ ಗಂಭೀರ ಮಾತು. ದಯವಿಟ್ಟು ಇದನ್ನ ಬ್ಯಾಸಿಗಿಯಾಗ ಕಾಲೇಜಿಗೆ ಟಿಫಿನ್ ಕಟ್ಟಬ್ಯಾಡ್ರಿ.

ಕಮಲಾಪುರದಿಂದ ಬಸ್ಸಿಗೆ ಬರೋರು ಎಷ್ಟು ಮಂದಿ ಇದ್ದೀರಿ ನಮ್ಮ ಜೋಡಿ. ಮುಂಜಾನಿ ಎಂಟಕ್ಕ ಮನಿ ಬಿಟ್ರ ಡಬ್ಬಿ ತೆರೆಯೋದು ಮಧ್ಯಾಹ್ನ ಒಂದಕ್ಕ. ಕಲಿಸಿಟ್ಟ ಮೀನು, ಮೊಸರು, ತತ್ತಿ ಇಂಥವು ಫ್ರಿಜ್ಜಿನ ಹೊರಗ ಎರಡು ತಾಸಿಗಿಂತ ಹೆಚ್ಚು ಇರಬಾರದು. ಹೊರಗಿನ ಬಿಸಿ 32 ಡಿಗ್ರಿ ದಾಟಿದ್ರ ಒಂದೇ ತಾಸು. ಇದು ಆಹಾರ ಸುರಕ್ಷತೆಯವರು ಹೇಳೋ ನಿಯಮ. ನಮ್ಮ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟೋದು ನಿಮಗ ನಾನು ಹೇಳಬೇಕಾ?

ಟ್ಯೂನಾ ಬಳಗದ ಮೀನಿಗೆ ಇನ್ನೊಂದು ಸಮಸ್ಯೆ ಅದ. ಬಿಸಿಯೊಳಗ ಇಟ್ರ ಬ್ಯಾಕ್ಟೀರಿಯಾದಿಂದ ಹಿಸ್ಟಮೀನ್ ಅನ್ನೋದು ಹುಟ್ತದ. ಮುಖ ಕೆಂಪಾಗೋದು, ತಲಿನೋವು, ಮೈ ತುರಿಕಿ, ವಾಂತಿ ಅದರಿಂದಲೇ. ಅದು ವಾಸನಿಗೆ ಗೊತ್ತಾಗೇ ಆಗ್ತದ ಅಂತಿಲ್ಲ, ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ. "ವಾಸನಿ ಬಂದಿಲ್ಲ, ತಿನ್ನು" ಅನ್ನೋ ಗೆಳೆಯನ ಮಾತು ಕೇಳಬ್ಯಾಡ್ರಿ. ತೆರೆದ ಡಬ್ಬ್ಯಾಗ ಮೀನು ಉಳಿದ್ರ ಮುಚ್ಚಳ ಇರೋ ಬೇರೆ ಡಬ್ಬಿಗೆ ತೆಗೆದು ಫ್ರಿಜ್‌ದಾಗ ಇಟ್ಟು ಎರಡು ಮೂರು ದಿನದೊಳಗ ಮುಗಿಸ್ರಿ. ದಿನಾ ತಾಸುಗಟ್ಟಲೆ ಕರೆಂಟ್ ಹೋಗೋ ಕಡಿ ಅದೇ ದಿನ ಮುಗಿಸೋದು ಚಲೋ.

ನೀರು ಬಸಿದದ್ದು ನಾರ್ಮಲ್ ಲಾಸ್, ಅದಕ್ಕ ಲೆಕ್ಕದಾಗ ಜಾಗ ಅದ. ಟಿಫಿನ್ನಿನ್ಯಾಗ ಕೆಟ್ಟು ಹೋದದ್ದು, ಅದರಿಂದ ದವಾಖಾನಿಗೆ ಹೋದದ್ದು ಅಬ್‌ನಾರ್ಮಲ್ ಲಾಸ್. ಇದು ಮನ್ಯಾಗ ಮಾಡಿ ಮನ್ಯಾಗೇ ತಿನ್ನೋ ಊಟ. ದಾರಿಗೆ ಬ್ಯಾರೆ ಊಟ ಅದ.

8/8

ಆ ಬ್ಯಾರೆ ಊಟ ಯಾವುದು ಅಂದ್ರ ನಿಮಗ ಗೊತ್ತೇ ಅದ. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

ಎಂಟನೇ ಕ್ಯಾಪ್ಷನ್ನಿಗೆ ಇದನ್ನ ಇಟ್ಟದ್ದಕ್ಕ ಕಾರಣ ಅದ. ನೀರು ಇದ್ದಲ್ಲಿ ಊಟ ಕೆಡ್ತದ, ನೀರು ತೆಗೆದ್ರ ಉಳೀತದ. ಈ ಬಿಸಿಲಿನ ನಾಡಿನ್ಯಾಗ ನಮ್ಮ ಅವ್ವ, ಅಮ್ಮ, ಆಯಿಗಳು ಇದನ್ನ ಕೈಯಿಂದ ಕಲ್ತಿದ್ರು. ರೊಟ್ಟಿ ತೆಳ್ಳಗ ಬಡಿದು, ಬೇಯಿಸಿ, ಒಣಗಿಸಿ, ವಾರಗಟ್ಟಲೆ ಇಟ್ರು. ಜಾತ್ರಿಗೆ, ಹೊಲಕ್ಕ, ಊರಿಗೆ ಅದೇ ಕಟ್ಕೊಂಡು ಹೋದ್ರು. ತಿನ್ನುವಾಗ ಮೊಸರು, ಉಳ್ಳಾಗಡ್ಡಿ, ಮೆಂತೆ. ಒಣದ್ದು ಬ್ಯಾರೆ, ಹಸಿದ್ದು ಬ್ಯಾರೆ, ಕೂಡಿಸೋದು ತಾಟಿನ್ಯಾಗ. ಟ್ಯೂನಾ ಸ್ಯಾಂಡ್‌ವಿಚ್ಚಿಗೆ ನಾನು ಏಳು ಕ್ಯಾಪ್ಷನ್ ತುಂಬ ಹೇಳಿದ್ದೂ ಇಷ್ಟೇ ಅಲ್ವಾ?

ಆದ್ರ ಕ್ಯಾಂಟೀನಿನ್ಯಾಗ ನೋಡ್ರಿ. ಬ್ರೆಡ್ ಡಬ್ಬಿ ತಂದವರು ಮೇಜಿನ ಮ್ಯಾಲ ಇಟ್ಟು ಫೋಟೋ ತೆಗೀತಾರ. ರೊಟ್ಟಿ ತಂದವರು ಮುಚ್ಚಳ ಅರ್ಧ ತೆರೆದು, ಸಪ್ಪಳ ಆಗದಂಗ ಮುರೀತಾರ. ಅದೇ ಹೊತ್ತಿಗೆ ನಮ್ಮ ಜಿಲ್ಲೆಯ ಮಹಿಳಾ ಸಂಘಗಳ ರೊಟ್ಟಿ "ಕಲಬುರಗಿ ರೊಟ್ಟಿ" ಅನ್ನೋ ಹೆಸರಿನ್ಯಾಗ ಬ್ರ್ಯಾಂಡ್ ಆಗಿ ಹೊರಗಿನ ಊರಿಗೆ ಹೋಗ್ತದ. ಹೊರಗಿನವರು ರೊಕ್ಕ ಕೊಟ್ಟು ತರಿಸ್ಕೊಳ್ಳೋದನ್ನ ನಾವು ಮುಚ್ಚಿಟ್ಟು ತಿನ್ನೋದು ಯಾವ ಲೆಕ್ಕ?

ನಾನು ಬ್ರೆಡ್ ಬಿಡ್ರಿ ಅನ್ನಂಗಿಲ್ಲ. ಟ್ಯೂನಾ ಸ್ಯಾಂಡ್‌ವಿಚ್ ನನಗ ಭಾಳ ಇಷ್ಟ, ಇಲ್ಲಂದ್ರ ಇಷ್ಟೊಂದು ಬರೀತಿರಲಿಲ್ಲ. ಮತ್ತ ಅದಕ್ಕೊಂದು ದೊಡ್ಡ ಗುಣ ಅದ: ರೊಟ್ಟಿ ಬಡೀಲಿಕ್ಕ ಬರದ ಹುಡುಗರಿಗೂ ಅದು ಬರ್ತದ. ರೊಟ್ಟಿ ಕಲೀಲಿಕ್ಕ ವರ್ಷ ಬೇಕು. ಸೋಸಣಿಗಿಯೊಳಗ ಮೀನು ಒತ್ತಲಿಕ್ಕ, ಉಳ್ಳಾಗಡ್ಡಿ ಹಿಂಡಲಿಕ್ಕ ಹತ್ತು ನಿಮಿಷ ಸಾಕು. ಮನ್ಯಾಗ ದಿನಾ ಮುಂಜಾನಿ ಐದಕ್ಕ ಎದ್ದು ಒಲಿ ಮುಂದ ಕೂಡೋರು ಒಬ್ರು ಇರ್ತಾರ. ವಾರಕ್ಕ ಒಂದು ದಿನ, ರವಿವಾರ ಅಂತ ಇಟ್ಕೊಳ್ರಿ, ಅವರನ್ನ ಎಬ್ಬಿಸಬ್ಯಾಡ್ರಿ. ನೀವೇ ಮಾಡ್ರಿ, ಅವರಿಗೂ ಒಂದು ಕೊಡ್ರಿ. ಮೀನು ತಿನ್ನದ ಮನಿ ಇದ್ರ ಕಡಲಿದು. ಬಾಜೂಕ ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ರ ಒಂದು ಇಡ್ರಿ. ಅದಕ್ಕ ಜಿಐ ಟ್ಯಾಗ್ ಅದ, ಯಾವ ಕೆಫೆ ಡೆಸರ್ಟಿಗೂ ಇಲ್ಲ.

ಸೋಮವಾರ ಮತ್ತ ರೊಟ್ಟಿ ಹಿಂಡಿ ಕಟ್ಕೊಂಡು ಬರ್ರಿ. ಮುಚ್ಚಳ ಪೂರ್ತಿ ತೆಗೀರಿ, ಸಪ್ಪಳ ಆಗ್ಲಿ. ನಾನು ಬಾಜೂಕ ಬಂದು ಕೂಡ್ತೀನಿ, ಒಂದು ತುಣುಕು ನನಗೂ ಇರ್ಲಿ.

#ಕಲಬುರಗಿ #ಜಗತ್ #ಕಮಲಾಪುರ #ಮನ್ಯಾಗಮಾಡ್ರಿ #ನೀರಿನಲೆಕ್ಕ